ಮಳೆಗಾಲದ ಪಾಠ, ನವರಾತ್ರಿಯ ಪರೀಕ್ಷೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಾಡು, ಕುಣಿತ, ನಾಟಕಗಳನ್ನು ಕಲಿಸುವುದು ಹೊಸ ವಿದ್ಯಾಪದ್ಧತಿಯ ಒಂದು ಸೇರ್ಪಡೆಯೆಂದೂ, ಓದು, ಬರಹ, ಲೆಕ್ಕಗಳೆಂಬ ಮೂಲಪಾಠಗಳು ಮುಗಿದ ಮೇಲೆ ಹೊತ್ತು ಉಳಿದರೆ ಮಾತ್ರ ಅದಕ್ಕೆ ಎಡೆಯೆಂದೂ ಎಣಿಸುವವರು ವಿದ್ಯಾವಂತರಲ್ಲಿಯೂ ಬಹುಮಂದಿ ಇದ್ದಾರೆ. ಪಡುಗಡಲ ಕರೆಯಲ್ಲಿರುವ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯ ಚರಿತ್ರೆಯನ್ನು ನೋಡಿದರೆ ಸಂಗತಿಯು ಬೇರೆಯಾಗಿ ತೋರುತ್ತದೆ. ಸರಕಾರದ ಶಾಲೆಗಳು ಹುಟ್ಟುವುದಕ್ಕೆ ಮುಂಚೆಯೇ ಇಲ್ಲಿನ ಊರ ಅಯ್ಯನು ತನ್ನ ಶಿಷ್ಯರಿಗೆ ಅಕ್ಷರದೊಡನೆ ಪದ್ಯವನ್ನೂ, ಪದ್ಯದೊಡನೆ ತಾಳವನ್ನೂ, ತಾಳದೊಡನೆ ಮಾತನ್ನೂ ಕಲಿಸಿ, ವರ್ಷಕ್ಕೊಮ್ಮೆ ಅವರನ್ನು ಊರಿನ ಮನೆಗಳಿಗೆ ಕರೆದೊಯ್ದು ಕೇಳಿಸುತ್ತಿದ್ದನು. ರಂಗಕಲೆಯು ಆ ಕಾಲದ ಪಾಠದಲ್ಲಿ ಒಂದು ಭಾಗವಾಗಿತ್ತು. ಅದು ಶಾಲೆಯಿಂದ ಹೊರಗಾದುದು ಹೇಗೆ, ಅದನ್ನು ಮರಳಿ ಕರೆತಂದವರು ಯಾರು, ಮರಳಿ ಬಂದ ಮೇಲೂ ಅದು ಎಳೆಯ ಮಕ್ಕಳ ತರಗತಿಯ ಹೊಸ್ತಿಲನ್ನು ದಾಟಲಾರದೆ ನಿಂತಿರುವುದೇಕೆ ಎಂಬುದು ವಿಚಾರಯೋಗ್ಯವಾದ ವಿಷಯವು.

ಮೊದಲು ಈ ಸೀಮೆಯ ಸ್ವರೂಪವನ್ನು ನೆನಪಿಗೆ ತಂದುಕೊಳ್ಳಬೇಕು. ೧೯೫೬ನೆಯ ನವೆಂಬರ್ ೧ರ ವರೆಗೆ ಇದು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ದಿನ ವಿಶಾಲ ಮೈಸೂರು ರಾಜ್ಯದಲ್ಲಿ ಕೂಡಿತು. ೧೯೯೭ನೆಯ ಆಗಸ್ಟ್ ೨೫ರಂದು ಉಡುಪಿಯು ಪ್ರತ್ಯೇಕ ಜಿಲ್ಲೆಯಾಯಿತು. ಜನರ ಮನೆಮಾತು ಒಂದಲ್ಲ. ಕಾಪು, ಕಾರ್ಕಳ, ಉಡುಪಿಗಳಲ್ಲಿ ತುಳುವೇ ಪ್ರಧಾನ. ಅದರೊಡನೆ ಕೊಂಕಣಿಯೂ ಬ್ಯಾರಿಯೂ ಇವೆ. ಬಡಗಲಿಗೆ ಹೋದಂತೆ ಕುಂದಾಪುರದ ಕನ್ನಡವು ಕೇಳಬರುತ್ತದೆ. ಆದುದರಿಂದ ಇಲ್ಲಿನ ಬಹುಮಂದಿ ಮಕ್ಕಳಿಗೆ ಕನ್ನಡವು ತಾಯಿಯ ತೊಡೆಯ ಮೇಲೆ ಕಲಿತ ಮಾತಾಗಿರದೆ ಶಾಲೆಯಲ್ಲಿ ಕಲಿಯಬೇಕಾದ ಮಾತಾಗಿದೆ. ಹಾಗಿದ್ದರೂ ಅಕ್ಷರವರಿಯದ ತುಳುವ ರೈತನು ಪುರಾಣದ ಕನ್ನಡವನ್ನು ತಡವರಿಸದೆ ತಿಳಿಯುತ್ತಿದ್ದನು, ಒಮ್ಮೊಮ್ಮೆ ಆಡುತ್ತಲೂ ಇದ್ದನು. ಅವನಿಗೆ ಆ ಭಾಷೆಯನ್ನು ಕಲಿಸಿದ ಶಾಲೆಯು ಯಕ್ಷಗಾನದ ಬಯಲಾಟವು. ಈ ಮಾತು ಮುಂದೆ ಹೇಳತಕ್ಕ ಸಂಗತಿಗಳಿಗೆಲ್ಲ ತಳಹದಿಯಾಗಿದೆ.

ಬಯಲಾಟಕ್ಕೆ ಅದರದೇ ಆದ ಋತುಕ್ರಮವಿದೆ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಹೊರಟ ಮೇಳಗಳು ಊರಿಂದೂರಿಗೆ ತಿರುಗಿ, ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಸುಮಾರು ಐದು ತಿಂಗಳು ಭಾಗವತನೂ ಮದ್ದಳೆಗಾರನೂ ವೇಷಧಾರಿಯೂ ತಮ್ಮ ಊರಿನಲ್ಲಿಯೇ ಇರುವರು. ಗದ್ದೆಯ ನೇಜಿ ಮುಗಿದ ಸಂಜೆಗಳಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಪದ್ಯವನ್ನು ಭಾಗವತನು ಹಾಡುವನು, ಅರ್ಥಧಾರಿಯು ಅದರ ಅರ್ಥವನ್ನು ತನ್ನ ಸ್ವಂತ ಮಾತಿನಲ್ಲಿ ಹೇಳುವನು. ಮೂಲೆಯಲ್ಲಿ ಕುಳಿತ ಹುಡುಗನು ಕೇಳುವನು. ಹೀಗೆ ಕಲಾವಿದನ ಬಿಡುವೂ ಮಕ್ಕಳ ಕಲಿಕೆಯೂ ಒಂದೇ ಋತುವಿನಲ್ಲಿ ಸೇರಿದ್ದವು.

ಮೇಳದೊಳಗೂ ಎಳೆಯರಿಗೆ ಗೊತ್ತಾದ ಮೆಟ್ಟಿಲುಗಳಿದ್ದವು. ಹೊಸತಾಗಿ ಸೇರಿದ ಹುಡುಗನು ಮೊದಲು ಕೋಡಂಗಿಯ ವೇಷವನ್ನು ಕಟ್ಟಬೇಕು. ಅದು ಪಳಗಿದ ಮೇಲೆ ಬಲರಾಮ ಕೃಷ್ಣರನ್ನು ಪ್ರತಿನಿಧಿಸುವ ಬಾಲಗೋಪಾಲರ ಜೋಡಿಗೆ ಏರಬೇಕು. ಅನಂತರ ಪೀಠಿಕೆಯ ಸ್ತ್ರೀವೇಷ. ಹೀಗೆ ಕ್ರಮಕ್ರಮವಾಗಿ ಪ್ರಸಂಗದ ಪಾತ್ರಗಳು. ಈ ಪೂರ್ವರಂಗವು ನಡೆಯುವುದು ರಾತ್ರಿಯ ಮೊದಲ ಭಾಗದಲ್ಲಿ, ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತಿನಲ್ಲಿ. ಹುಡುಗನು ತಪ್ಪಿದರೂ ಆಟ ಕೆಡುವುದಿಲ್ಲ. ತಪ್ಪದಿದ್ದರೆ ಚೌಕಿಯ ಹಿರಿಯರು ಗಮನಿಸದೆ ಇರುವುದಿಲ್ಲ. ಕಲಿಯುವವನಿಗೆ ತಪ್ಪುವ ಅವಕಾಶವನ್ನು ಕಲೆಯ ಕಟ್ಟಳೆಯೊಳಗೇ ಇರಿಸಿದ ಹಿಂದಿನವರ ವಿವೇಕವು ಮೆಚ್ಚತಕ್ಕದ್ದು. ಆದರೆ ಮೇಳವು ಜೀವನೋಪಾಯದ ದಾರಿ. ಅದಕ್ಕೆ ಸೇರಿದ ಹುಡುಗನು ಸಾಮಾನ್ಯವಾಗಿ ಅಕ್ಷರಶಾಲೆಯನ್ನು ಬಿಟ್ಟವನೇ. ಅಕ್ಷರವನ್ನೂ ಕಲೆಯನ್ನೂ ಒಂದೇ ಸೂರಿನಡಿಯಲ್ಲಿ ತಂದುದು ಹೂವಿನಕೋಲೆಂಬ ಸಂಪ್ರದಾಯವು.

ಹೂವಿನಕೋಲು ಬಡಗುತಿಟ್ಟಿನ ಪ್ರದೇಶದ್ದು. ಉಡುಪಿಯಿಂದ ಬಡಗಣ ಬ್ರಹ್ಮಾವರ, ಕೋಟ, ಕುಂದಾಪುರಗಳಲ್ಲಿ ಅದರ ನೆಲೆ. ಮಹಾನವಮಿಯ ಕಾಲದಲ್ಲಿ ಶಾಲೆಯ ಅಯ್ಯನು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಪದ್ಯ ಹೇಳಿಸಿ, ಕಾಣಿಕೆಯನ್ನು ಪಡೆಯುವ ವಾಡಿಕೆಯು ಘಟ್ಟದ ಮೇಲಿನ ಕನ್ನಡ ನಾಡಿನಲ್ಲಿಯೂ ಇತ್ತು. ಕರಾವಳಿಯಲ್ಲಿ ಅದಕ್ಕೆ ಯಕ್ಷಗಾನವು ಕೂಡಿಕೊಂಡಿತು. ಒಬ್ಬ ಭಾಗವತ, ಒಬ್ಬ ಮದ್ದಳೆಗಾರ, ಶ್ರುತಿ ಹಿಡಿಯುವವನೊಬ್ಬ, ಜೊತೆಗೆ ಇಬ್ಬರು ಬಾಲಕರು. ಬಾಲಕರಿಗೆ ಬಿಳಿಯ ಪಂಚೆ, ಅಂಗಿ, ಹೆಗಲ ಮೇಲೆ ಶಾಲು, ತಲೆಗೆ ಟೋಪಿ ಅಥವಾ ಮುಂಡಾಸು. ಕೈಯಲ್ಲಿ ಹೂವಿನಿಂದ ಅಲಂಕರಿಸಿದ ಕೋಲು. ಮನೆಯ ಚಾವಡಿಯಲ್ಲಿ ಮಕ್ಕಳಿಬ್ಬರೂ ಎದುರುಬದುರಾಗಿ ಕುಳಿತು, ಮೊದಲು ದೇವರನ್ನು ಸ್ತುತಿಸಿ ಮನೆಯವರಿಗೆ ಒಳಿತನ್ನು ಹಾರೈಸುವ ಚೌಪದಿಯನ್ನು ಹೇಳುವರು. ಬಳಿಕ ಇಬ್ಬರ ವಾಗ್ವಾದಕ್ಕೆ ಒಪ್ಪುವ ಒಂದು ಕಥಾಭಾಗ. ಭಾಗವತನು ಪದ್ಯವನ್ನೆತ್ತಿದಂತೆ ಒಬ್ಬನು ಅರ್ಜುನನಾಗಿ ಆಡಿದರೆ ಮತ್ತೊಬ್ಬನು ಸುಧನ್ವನಾಗಿ ಉತ್ತರಿಸುವನು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯುವುದು. ಮನೆಯೊಡತಿಯು ಅಕ್ಕಿ, ತೆಂಗಿನಕಾಯಿ, ಹಣವನ್ನು ಹರಿವಾಣದಲ್ಲಿಟ್ಟು ಕೊಡುವಳು; ತಂಡವು ಮುಂದಿನ ಮನೆಗೆ ನಡೆಯುವುದು.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಅದರೊಳಗೆ ಎಷ್ಟು ವಿದ್ಯೆಯು ಅಡಕವಾಗಿದೆಯೆಂಬುದನ್ನು ಎಣಿಸಿ ನೋಡಬೇಕು. ಪದ್ಯವನ್ನು ತಪ್ಪಿಲ್ಲದೆ ಕಂಠಪಾಠ ಮಾಡಬೇಕು. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಮೊದಲಾದ ತಾಳಗಳ ಹೆಜ್ಜೆ ಕಿವಿಗೆ ಹಿಡಿಯಬೇಕು. ಪದ್ಯದ ಅನ್ವಯವನ್ನೂ ಅರ್ಥವನ್ನೂ ತಿಳಿದು, ಅದನ್ನು ಶುದ್ಧವಾದ ಕನ್ನಡದ ಗದ್ಯದಲ್ಲಿ ಹೇಳಬೇಕು. ಎದುರಾಳಿಯ ಮಾತನ್ನು ಕೇಳಿ ಅದಕ್ಕೆ ತಕ್ಕ ಉತ್ತರವನ್ನು ಕೊಡಬೇಕು. ಗುರುತಿಲ್ಲದವರ ಮನೆಯಲ್ಲಿ ಹಿರಿಯರ ಮುಂದೆ ಅಳುಕದೆ ಕುಳಿತುಕೊಳ್ಳಬೇಕು. ಪಾಠವು ಮಳೆಗಾಲದಲ್ಲಿ, ಪರೀಕ್ಷೆಯು ನವರಾತ್ರಿಯಲ್ಲಿ. ಪರೀಕ್ಷಕರು ಊರವರೇ. ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಒಂದು ಮನೆಯಲ್ಲಿ ಮರೆತ ಮಾತು ಮುಂದಿನ ಮನೆಯ ಹೊತ್ತಿಗೆ ನೆನಪಾಗುವುದು. ಒಂಬತ್ತು ದಿನಗಳಲ್ಲಿ ಒಂದೇ ಕಥೆಯನ್ನು ಹತ್ತಾರು ಮನೆಗಳಲ್ಲಿ ಹೇಳಿದ ಹುಡುಗನಿಗೆ ಆ ಕಥೆಯೂ ಆ ಭಾಷೆಯೂ ಜೀವಮಾನದಲ್ಲಿ ಮರೆಯುವಂತಿಲ್ಲ.

ಹಾಗೆಂದು ಹಳೆಯ ಕಾಲವನ್ನು ದೋಷವಿಲ್ಲದ ಸ್ವರ್ಗವೆಂದು ಬಣ್ಣಿಸಲಾಗದು. ಹೂವಿನಕೋಲನ್ನು ಹಿಡಿದವರು ಗಂಡುಮಕ್ಕಳು ಮಾತ್ರ. ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ ನಿಂತು ಕೇಳಿದವರು. ಅಯ್ಯನ ಮಠದ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿರಲಿಲ್ಲವಾದುದರಿಂದ ಅಲ್ಲಿಂದ ಹೊರಟ ಕಲೆಯೂ ಎಲ್ಲರ ಪಾಲಿಗೆ ಬರಲಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ಇಟ್ಟು ನೋಡಬಹುದು. ತುಳು ಸೀಮೆಯಲ್ಲಿ ಆಟಿ ತಿಂಗಳಲ್ಲಿ, ಮಳೆಯೂ ರೋಗವೂ ಹಸಿವೂ ಒಟ್ಟಾಗಿ ಬರುವ ಕಾಲದಲ್ಲಿ, ನಲಿಕೆ ಸಮುದಾಯದ ಎಳೆಯರು ಕಳಂಜನ ವೇಷವನ್ನು ಕಟ್ಟಿ, ತಾಳೆಗರಿಯ ಕೊಡೆಯನ್ನು ತಿರುಗಿಸುತ್ತ, ತೆಂಬರೆಯ ಬಡಿತಕ್ಕೆ ಕುಣಿಯುತ್ತ ಮನೆಮನೆಗೆ ಬಂದು ಮಾರಿಯನ್ನು ಕಳೆಯುತ್ತಿದ್ದರು. ಅವರಿಗೂ ತಾಳವಿತ್ತು, ಪಾಡ್ದನದ ನೆನಪಿತ್ತು, ಮನೆಯವರ ಒಳಿತನ್ನು ಬಯಸುವ ಮಾತಿತ್ತು. ಹೂವಿನಕೋಲಿನ ಹುಡುಗನು ಚಾವಡಿಯಲ್ಲಿ ಕುಳಿತನು. ಕಳಂಜನು ಅಂಗಳದಲ್ಲಿ ನಿಂತನು. ಒಬ್ಬನಿಗೆ ಕೊಟ್ಟ ಅಕ್ಕಿಗೆ ಕಾಣಿಕೆಯೆಂದು ಹೆಸರಾಯಿತು. ಮತ್ತೊಬ್ಬನಿಗೆ ಕೊಟ್ಟುದಕ್ಕೆ ಆ ಗೌರವವು ದೊರೆಯಲಿಲ್ಲ. ಕಾಪುವಿನ ಪಿಲಿಕೋಲದಂತಹ ದೈವಾರಾಧನೆಯ ನರ್ತನಗಳನ್ನು ವಹಿಸಿದ ಮನೆತನಗಳ ಮಕ್ಕಳೂ ತಮ್ಮ ವಿದ್ಯೆಯನ್ನು ಮನೆಯಲ್ಲಿಯೇ ಕಲಿತರಲ್ಲದೆ ಯಾವ ಶಾಲೆಯೂ ಅದನ್ನು ವಿದ್ಯೆಯೆಂದು ಎಣಿಸಲಿಲ್ಲ. ಶಾಲೆಯಲ್ಲಿ ರಂಗಕಲೆಯ ಮಾತೆತ್ತುವಾಗ ಈ ಎರಡು ಅಂಗಳಗಳನ್ನೂ ನೆನೆಯುವುದು ನ್ಯಾಯವು.

೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಶಾಲೆಗಳು ಕ್ರಮೇಣ ಉಡುಪಿಯ ವರೆಗೂ ಹಬ್ಬಿದವು. ಅಚ್ಚಿನ ಪುಸ್ತಕ, ಹೆಣ್ಣುಮಕ್ಕಳಿಗೆ ಪಾಠ, ಒಟ್ಟಾಗಿ ಹಾಡುವ ಕೀರ್ತನೆ ಎಂಬ ಮೂರು ಹೊಸತುಗಳನ್ನು ಅವು ತಂದವು. ಮತದ ಕಾರಣದಿಂದ ಯಕ್ಷಗಾನಕ್ಕಾಗಲಿ ಕೋಲಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲವೆಂಬುದು ಸಹಜವೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಸರಕಾರವು ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಪರೀಕ್ಷಾಧಿಕಾರಿಯು ಬಂದು ಓದನ್ನೂ ಬರಹವನ್ನೂ ಲೆಕ್ಕವನ್ನೂ ನೋಡಿ ಹಣವನ್ನು ಗೊತ್ತುಮಾಡುವನು. ತಾಳಕ್ಕೆ ಅಂಕವಿಲ್ಲ, ಅರ್ಥಗಾರಿಕೆಗೆ ಅಂಕವಿಲ್ಲ. ಅಯ್ಯನ ಹಳೆಯ ಶಾಲೆಯು ಸಹಾಯಧನದ ಶಾಲೆಯಾಗಬೇಕಾದರೆ ಅಧಿಕಾರಿಯು ಕೇಳದ ವಿದ್ಯೆಯನ್ನು ಬದಿಗಿಡಬೇಕಾಯಿತು. ಮೇಷ್ಟರಿಗೆ ಸಂಬಳವು ಗೊತ್ತಾದ ಮೇಲೆ ಮಹಾನವಮಿಯ ಕಾಣಿಕೆಯು ಅಗತ್ಯವೂ ಆಗಲಿಲ್ಲ, ಗೌರವವೂ ಆಗಲಿಲ್ಲ. ಯಾರೂ ನಿಷೇಧಿಸದೆಯೇ ಕಲೆಯು ವೇಳಾಪಟ್ಟಿಯಿಂದ ಜಾರಿಹೋದುದು ಹೀಗೆಂದು ಊಹಿಸಲು ಅಡ್ಡಿಯಿಲ್ಲ.

ಈ ಸಂಧಿಕಾಲದ ಮೂರ್ತಿಯೆಂಬಂತೆ ಕಾಣುವವನು ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪನು. ಕನ್ನಡಿಗರೆಲ್ಲರಿಗೂ ಅವನು ಮುದ್ದಣನೆಂದೇ ಪರಿಚಿತನು. ೧೮೭೦ನೆಯ ಜನವರಿ ೨೪ರಂದು ಹುಟ್ಟಿ, ಕ್ಷಯರೋಗದಿಂದ ೧೯೦೧ರ ಫೆಬ್ರವರಿಯಲ್ಲಿ ಮೂವತ್ತೊಂದರ ಹರೆಯದಲ್ಲಿಯೇ ತೀರಿಕೊಂಡ ಈ ಕವಿಯು ಜೀವನಕ್ಕಾಗಿ ಮಾಡಿದುದು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಮಕ್ಕಳಿಗೆ ಅಂಗಸಾಧನೆಯನ್ನು ಕಲಿಸುವ ಉದ್ಯೋಗವನ್ನು. ಮುಂದೆ ಕನ್ನಡ ಪಂಡಿತನೂ ಆದನು. ಹಗಲಲ್ಲಿ ಹುಡುಗರ ಕೈಕಾಲುಗಳನ್ನು ಎಣಿಕೆಗೆ ಸರಿಯಾಗಿ ಆಡಿಸಿದ ಆ ಉಪಾಧ್ಯಾಯನೇ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ವೆಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದವನು. ‘ಅದ್ಭುತ ರಾಮಾಯಣ’, ‘ರಾಮಾಶ್ವಮೇಧ’ಗಳನ್ನು ಬರೆದಾಗಲಂತೂ ತನ್ನ ಹೆಸರನ್ನೇ ಮರೆಮಾಡಿ, ಹಳಬನಾದ ಕವಿಯೊಬ್ಬನ ಕೃತಿಗಳೆಂದು ಹೊರಪಡಿಸಿದನು. ಅಂಗಸಾಧನೆಯು ಶಾಲೆಯೊಳಗೆ, ಪ್ರಸಂಗವು ಶಾಲೆಯ ಹೊರಗೆ; ಎರಡನ್ನೂ ಬಲ್ಲವನು ಒಬ್ಬನೇ. ಆದರೆ ಅವನ ಕಾಲದ ಶಾಲೆಯು ಅವನಿಂದ ಕೇಳಿದುದು ಮೊದಲಿನದನ್ನು ಮಾತ್ರ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಗಾಳಿ ಕೊಂಚ ತಿರುಗಿತು. ಪಂಜೆ ಮಂಗೇಶರಾಯರು (೧೮೭೪–೧೯೩೭) ಉಪಾಧ್ಯಾಯರಾಗಿಯೂ ಶಾಲೆಗಳ ತನಿಖೆಯ ಅಧಿಕಾರಿಯಾಗಿಯೂ ದಕ್ಷಿಣ ಕನ್ನಡದಲ್ಲಿ ಸಂಚರಿಸಿದವರು. ಪರೀಕ್ಷಾಧಿಕಾರಿಯೆಂದರೆ ಹೆದರುತ್ತಿದ್ದ ಮಕ್ಕಳ ಮುಂದೆ ಹಾವಿನ ಹಾಡನ್ನು ಹಾಡಿ, ಅಭಿನಯಿಸಿ, ಅವರನ್ನೂ ತಮ್ಮೊಡನೆ ಕುಣಿಸಿದ ಅಧಿಕಾರಿಯು ಅವರಿಗಿಂತ ಮುಂಚೆ ಯಾರಿದ್ದರೋ ತಿಳಿಯದು. ಅಭಿನಯಗೀತೆಯೆಂಬ ಪ್ರಕಾರವು ಕನ್ನಡದ ಕೆಳತರಗತಿಗಳಲ್ಲಿ ಬೇರೂರಿದುದು ಅವರಂತಹವರ ಪ್ರಯತ್ನದಿಂದ. ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡು, ಅಲ್ಲಿಯ ಬಾಲವನದಲ್ಲಿ ಆಟ, ನೃತ್ಯ, ನಾಟಕಗಳ ಮೂಲಕ ಮಕ್ಕಳಿಗೆ ವಿದ್ಯೆಯನ್ನೀಯುವ ಪ್ರಯೋಗವನ್ನು ನಡೆಯಿಸಿದರು. ಅದೇ ಜಿಲ್ಲೆಯ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ೧೯೨೯ರಲ್ಲಿ ಜನಿಸಿದ ಬಾಲಕನೊಬ್ಬನು ಮೂರನೆಯ ತರಗತಿಯಲ್ಲಿರುವಾಗ, ಪಿ. ಕೆ. ನಾರಾಯಣರೆಂಬವರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ವಹಿಸಿದನು. ಆ ಬಾಲಕನೇ ಮುಂದೆ ಗುಬ್ಬಿ ಕಂಪೆನಿಯನ್ನು ಸೇರಿ, ಅನಂತರ ಭಾರತದ ರಂಗಭೂಮಿಯಲ್ಲಿ ಅಗ್ರಗಣ್ಯನೆನಿಸಿದ ಬಿ. ವಿ. ಕಾರಂತನು. ಮೂರನೆಯ ತರಗತಿಯ ಒಂದು ಸಣ್ಣ ನಾಟಕವು ಏನನ್ನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಇವೆಲ್ಲ ಒಬ್ಬೊಬ್ಬ ವ್ಯಕ್ತಿಯ ಉತ್ಸಾಹವನ್ನು ಅವಲಂಬಿಸಿದ ಪ್ರಯತ್ನಗಳು. ಆ ಮೇಷ್ಟರಿಗೆ ವರ್ಗವಾದರೆ ನಾಟಕವೂ ವರ್ಗವಾಗುತ್ತಿತ್ತು.

ವ್ಯಕ್ತಿಯ ಉತ್ಸಾಹಕ್ಕೆ ಸಂಸ್ಥೆಯ ಆಸರೆ ದೊರೆತುದು ೧೯೭೦ರ ದಶಕದಲ್ಲಿ. ಮಣಿಪಾಲದ ಡಾ. ಟಿ. ಎಂ. ಎ. ಪೈಗಳು (೧೮೯೮–೧೯೭೯) ೧೯೪೨ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ೧೯೪೯ರಲ್ಲಿ ಅದರಿಂದ ಹುಟ್ಟಿತು. ಆ ಕಾಲೇಜಿನ ಆಶ್ರಯದಲ್ಲಿ ಪ್ರಾಚಾರ್ಯ ಕು. ಶಿ. ಹರಿದಾಸ ಭಟ್ಟರ ಕರ್ತೃತ್ವದಿಂದಲೂ ಶಿವರಾಮ ಕಾರಂತರ ಮಾರ್ಗದರ್ಶನದಿಂದಲೂ ೧೯೭೧ರಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಹಿರಿಯಡಕ ಗೋಪಾಲರಾಯರಂತಹ (೧೯೧೯–೨೦೨೦) ಮದ್ದಳೆಯ ಮಾಂತ್ರಿಕರೂ, ನೀಲಾವರ ರಾಮಕೃಷ್ಣಯ್ಯನವರಂತಹ ಭಾಗವತರೂ, ಮಟಪಾಡಿ ವೀರಭದ್ರ ನಾಯಕರಂತಹ ನಾಟ್ಯಗುರುಗಳೂ ಅಲ್ಲಿ ಪಾಠ ಹೇಳಿದರು. ಅಲ್ಲಿಯೇ ಕಲಿತು ಅಲ್ಲಿಯೇ ಗುರುವಾದ ಬನ್ನಂಜೆ ಸಂಜೀವ ಸುವರ್ಣರು ದೇಶದ ನಾನಾ ಕಡೆಗಳ ರಂಗವಿದ್ಯಾರ್ಥಿಗಳಿಗೂ ಹೆಜ್ಜೆ ಕಲಿಸಿದರು. ಕೇಂದ್ರದಲ್ಲಿ ವಾಸವಾಗಿದ್ದ ಹುಡುಗರು ಹಗಲಲ್ಲಿ ಹತ್ತಿರದ ಶಾಲೆಗೆ ಹೋಗಿ, ಬೆಳಗೂ ಬೈಗೂ ಯಕ್ಷಗಾನವನ್ನು ಕಲಿತರು. ಮೇಳಕ್ಕೆ ಸೇರಬೇಕಾದರೆ ಶಾಲೆಯನ್ನು ಬಿಡಬೇಕೆಂಬ ಹಳೆಯ ಕಟ್ಟು ಇಲ್ಲಿ ಸಡಿಲವಾಯಿತು.

೧೯೭೫ರಲ್ಲಿ ಎರಡು ಸಂಗತಿಗಳು ನಡೆದವು. ಕೋಟದ ಬಳಿಯ ಸಾಲಿಗ್ರಾಮದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಉಪಾಧ್ಯಾಯರಾದ ಎಚ್. ಶ್ರೀಧರ ಹಂದೆಯವರೂ ಕೂಡಿ ಮಕ್ಕಳದೇ ಆದ ಯಕ್ಷಗಾನ ಮೇಳವನ್ನು ಕಟ್ಟಿದರು. ಪೂರ್ವರಂಗದ ಬಾಲಗೋಪಾಲನಾಗಿ ಹೊರಟುಹೋಗುತ್ತಿದ್ದ ಹುಡುಗನು ಈಗ ಇಡೀ ಪ್ರಸಂಗದ ನಾಯಕನಾದನು. ಕಿರೀಟ, ಮುಂಡಾಸು, ಭುಜಕೀರ್ತಿಗಳು ಮಕ್ಕಳ ಅಳತೆಗೆ ಇಳಿದವು. ಹಳೆಯ ಹೂವಿನಕೋಲನ್ನು ಮರಳಿ ಮನೆಗಳ ಚಾವಡಿಗೆ ತರುವುದರಲ್ಲಿಯೂ ಈ ಮೇಳದ ಪಾಲಿದೆ. ಅದೇ ವರ್ಷ ಉಡುಪಿಯಲ್ಲಿ ಯಕ್ಷಗಾನ ಕಲಾರಂಗವೆಂಬ ಸಂಸ್ಥೆಯು ಸ್ಥಾಪಿತವಾಯಿತು. ಕಲಾವಿದರ ಕ್ಷೇಮವನ್ನು ನೋಡಿಕೊಳ್ಳುತ್ತ ಬೆಳೆದ ಈ ಸಂಸ್ಥೆಯ ಹೊಣೆಗಾರಿಕೆಯಲ್ಲಿ, ೨೦೦೭ರಲ್ಲಿ ಹುಟ್ಟಿದ ಯಕ್ಷಶಿಕ್ಷಣ ಟ್ರಸ್ಟ್ ಉಡುಪಿ ಸುತ್ತಿನ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಉಚಿತವಾಗಿ ಯಕ್ಷಗಾನವನ್ನು ಕಲಿಸತೊಡಗಿತು. ಮುಂದೆ ಅದು ಕಾಪು ಮುಂತಾದ ನೆರೆಯ ಪ್ರದೇಶಗಳಿಗೂ ಹಬ್ಬಿತು. ಮಳೆಗಾಲದಲ್ಲಿ ಪಾಠ, ಮಳೆ ಕಳೆದ ಮೇಲೆ ‘ಕಿಶೋರ ಯಕ್ಷಗಾನ ಸಂಭ್ರಮ’ವೆಂಬ ಹೆಸರಿನಲ್ಲಿ ಒಂದೊಂದು ಶಾಲೆಯ ಪ್ರದರ್ಶನ. ಅಯ್ಯನ ಕಾಲದ ಪಂಚಾಂಗವೇ ಹೊಸ ಶಾಲೆಯಲ್ಲಿ ಮರಳಿ ಜೀವ ತಳೆದುದನ್ನು ಇಲ್ಲಿ ಕಾಣಬಹುದು. ಹಿಂದೆ ಬಾಗಿಲ ಮರೆಯಲ್ಲಿ ನಿಂತಿದ್ದ ಹೆಣ್ಣುಮಗಳು ಈಗ ಗೆಜ್ಜೆ ಕಟ್ಟಿ ಅಭಿಮನ್ಯುವೂ ಭೀಮನೂ ಆಗಿ ರಂಗಕ್ಕೆ ಬಂದಳು. ಮನೆಯ ಜಾತಿಮತಗಳನ್ನು ಕೇಳದೆ ಒಂದೇ ತರಗತಿಯ ಮಕ್ಕಳು ಒಂದೇ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡರು. ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತಿಯೆಂದು ಖ್ಯಾತಿವೆತ್ತ ಲೀಲಾವತಿ ಬೈಪಾಡಿತ್ತಾಯರು (೧೯೪೭–೨೦೨೪) ನಡೆದ ದುರ್ಗಮವಾದ ದಾರಿಯನ್ನು ಬಲ್ಲವರಿಗೆ ಈ ಬದಲಾವಣೆಯ ಬೆಲೆ ತಿಳಿಯದಿರದು.

ಇನ್ನು ಸರಕಾರದ ಕಡೆಯಿಂದ ಬಂದುದು ‘ಪ್ರತಿಭಾ ಕಾರಂಜಿ’. ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯು ಹೂಡಿದ ಈ ಸ್ಪರ್ಧೆಯಲ್ಲಿ ಕಿರಿಯ ಪ್ರಾಥಮಿಕ ತರಗತಿಯ ಮಕ್ಕಳೂ ಭಾಗವಹಿಸುತ್ತಾರೆ. ಕಂಠಪಾಠ, ಕಥೆ ಹೇಳುವುದು, ಅಭಿನಯಗೀತೆ, ಛದ್ಮವೇಷ, ಜಾನಪದ ನೃತ್ಯ ಮೊದಲಾದವುಗಳಲ್ಲಿ ಮೊದಲು ಕೆಲವು ಶಾಲೆಗಳ ಗುಂಪಿನಲ್ಲಿ, ಬಳಿಕ ತಾಲೂಕು, ಜಿಲ್ಲೆ, ರಾಜ್ಯಗಳ ಮಟ್ಟದಲ್ಲಿ ಸ್ಪರ್ಧೆ ನಡೆಯುತ್ತದೆ. ದೂರದ ಹಳ್ಳಿಯ ಬಡ ಮಗುವಿಗೂ ವೇದಿಕೆಯನ್ನು ಒದಗಿಸಿದ ಈ ಏರ್ಪಾಡನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಸ್ಪರ್ಧೆಗೂ ಪಾಠಕ್ಕೂ ಅಂತರವಿದೆ. ಸ್ಪರ್ಧೆಯು ಬಲ್ಲವನನ್ನು ಆರಿಸುತ್ತದೆ. ಪಾಠವು ಅರಿಯದವನನ್ನು ಬಲ್ಲವನನ್ನಾಗಿ ಮಾಡುತ್ತದೆ. ಮೊದಲ ಸುತ್ತಿನಲ್ಲಿಯೇ ಹಿಂದೆ ಬಿದ್ದ ಮಗುವಿಗೆ ಆ ವರ್ಷ ಮತ್ತೊಮ್ಮೆ ವೇದಿಕೆ ಇಲ್ಲ. ಮನೆಯಲ್ಲಿ ಕಲಿಸುವವರುಳ್ಳ ಮಗುವು ಮುಂದೆ ಹೋಗುತ್ತದೆ. ಶಾಲೆಯ ವಾರ್ಷಿಕೋತ್ಸವಗಳ ಸ್ಥಿತಿಯೂ ಹಲವೆಡೆ ಇದೇ. ಯಂತ್ರದಿಂದ ಬರುವ ಹಾಡಿಗೆ ಒಂದು ವಾರದ ಅಭ್ಯಾಸದಿಂದ ಕೈಕಾಲು ಆಡಿಸಿದ ಮಗುವಿಗೆ ಆ ದಿನದ ಸಂತೋಷವೇನೋ ದೊರೆಯುತ್ತದೆ. ಮರುದಿನಕ್ಕೆ ಉಳಿಯುವ ವಿದ್ಯೆಯು ದೊರೆಯುವುದು ಕಡಿಮೆ. ಆ ಹಾಡಿನಲ್ಲಿ ಮಗುವಿನ ಬಾಯಿಗೆ ಕೆಲಸವಿಲ್ಲವೆಂಬುದನ್ನೂ ಗಮನಿಸಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೆ ಕನ್ನಡವನ್ನು ನಾಲಗೆಗೆ ತಂದುಕೊಡುವ ಅವಕಾಶವು ಅಲ್ಲಿಗೆ ತಪ್ಪಿಹೋಗುತ್ತದೆ.

ಎಳವೆಯ ಪ್ರಶ್ನೆಯನ್ನು ಬೇರೆ ದೇಶದವರೂ ಆಲೋಚಿಸಿದ್ದಾರೆ. ೧೯೦೧ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದ ರವೀಂದ್ರನಾಥ ಠಾಕೂರರು ಋತುಗಳನ್ನು ಅನುಸರಿಸಿ ಹಾಡುಗಳನ್ನೂ ನಾಟಕಗಳನ್ನೂ ರಚಿಸಿ ಅಲ್ಲಿಯ ಬಾಲಕರಿಂದಲೇ ಆಡಿಸಿದರು. ೧೯೦೮ರ ‘ಶಾರದೋತ್ಸವ’ವು ಅಂತಹದೊಂದು. ಹಂಗೇರಿ ದೇಶದ ಸಂಗೀತಜ್ಞ ಝೋಲ್ಟಾನ್ ಕೊಡಾಯಿ (೧೮೮೨–೧೯೬೭) ಹಳ್ಳಿಗಳಲ್ಲಿ ತಿರುಗಿ ಜನಪದದ ಹಾಡುಗಳನ್ನು ಕೂಡಿಸಿ, ಮಗುವಿನ ಸಂಗೀತಶಿಕ್ಷಣವು ಅದರ ತಾಯ್ನುಡಿಯ ಹಾಡಿನಿಂದ, ಅತಿ ಎಳವೆಯಲ್ಲಿಯೇ ಆರಂಭವಾಗಬೇಕೆಂದು ಪ್ರತಿಪಾದಿಸಿದನು. ಅವನ ಹುಟ್ಟೂರಾದ ಕೆಚ್ಕೆಮೇಟ್‌ನಲ್ಲಿ ೧೯೫೦ರಲ್ಲಿ, ಸಂಗೀತವೇ ನಿತ್ಯದ ಪಾಠವಾಗಿರುವ ಮೊದಲ ಪ್ರಾಥಮಿಕ ಶಾಲೆಯು ತೆರೆಯಿತು. ಸಂಗೀತವು ಅಲ್ಲಿ ವಾರ್ಷಿಕೋತ್ಸವದ ಅಲಂಕಾರವಾಗಿರದೆ ಲೆಕ್ಕದಂತೆ ದಿನದಿನದ ಪಾಠವಾಯಿತು. ಭಾರತದಲ್ಲಿಯೂ ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲಾಶಿಕ್ಷಣವನ್ನು ಹತ್ತನೆಯ ತರಗತಿಯ ವರೆಗೆ ಪಠ್ಯದ ಅಂಗವಾಗಿಸಬೇಕೆಂದು ಹೇಳಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಕಲೆಯನ್ನು ಇತರ ಪಾಠಗಳೊಡನೆ ಬೆಸೆಯಬೇಕೆಂದಿತು. ಹೇಳಿಕೆಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ತಾಳವನ್ನು ಬಲ್ಲ ಗುರುವಿಗೆ, ಅವನು ಬಂದು ಕುಳಿತುಕೊಳ್ಳಲು ವೇಳಾಪಟ್ಟಿಯಲ್ಲಿ ಒಂದು ಗಂಟೆಗೆ.

ಉಡುಪಿ ಸೀಮೆಯ ವಿಚಿತ್ರವೇನೆಂದರೆ, ಬೇರೆ ಕಡೆ ದುರ್ಲಭವಾದ ಆ ಗುರುವು ಇಲ್ಲಿ ಸುಲಭನು. ಯಕ್ಷಗಾನ ಕೇಂದ್ರವೂ ಸಾಲಿಗ್ರಾಮದ ಮಕ್ಕಳ ಮೇಳವೂ ಅರ್ಧ ಶತಮಾನದ ಅನುಭವವನ್ನು ಕೂಡಿಸಿಕೊಂಡಿವೆ. ಕಾರ್ಕಳದಲ್ಲಿ ೨೦೨೦ರ ಅನಂತರದ ವರ್ಷಗಳಲ್ಲಿ ಸರಕಾರವೇ ಯಕ್ಷ ರಂಗಾಯಣವನ್ನು ಸ್ಥಾಪಿಸಿದೆ. ಮೇಳಗಳ ಕಲಾವಿದರು ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. ಆದರೆ ಯಕ್ಷಶಿಕ್ಷಣದ ಕ್ರಮಬದ್ಧವಾದ ಪಾಠವು ನೆಲೆಯೂರಿರುವುದು ಪ್ರೌಢಶಾಲೆಗಳಲ್ಲಿ. ಹೂವಿನಕೋಲನ್ನು ಹಿಡಿಯುತ್ತಿದ್ದ, ಬಾಲಗೋಪಾಲನ ವೇಷ ಕಟ್ಟುತ್ತಿದ್ದ ಪ್ರಾಯದ ಮಕ್ಕಳು ಇರುವುದು ಅದರ ಕೆಳಗೆ, ನಾಲ್ಕರಿಂದ ಏಳರ ವರೆಗಿನ ತರಗತಿಗಳಲ್ಲಿ. ಕಿವಿಯು ತಾಳವನ್ನೂ ನಾಲಗೆಯು ಪರಭಾಷೆಯ ಉಚ್ಚಾರವನ್ನೂ ಸುಲಭವಾಗಿ ಹಿಡಿಯುವುದು ಆ ವಯಸ್ಸಿನಲ್ಲಿಯೇ. ಹತ್ತನೆಯ ತರಗತಿಯ ಪರೀಕ್ಷೆಯ ಭಯವು ಇನ್ನೂ ಮುಟ್ಟದಿರುವುದೂ ಆ ವಯಸ್ಸಿನಲ್ಲಿಯೇ. ಹಿಂದಿನವರು ಎಳೆಯರನ್ನು ಆರಿಸಿದುದು ಸುಮ್ಮನೆ ಅಲ್ಲ.

ಪ್ರಾಥಮಿಕ ಶಾಲೆಗೆ ದೊಡ್ಡ ಆಟದ ಸಲಕರಣೆಯೂ ಬೇಡ. ವೇಷಭೂಷಣಗಳ ಬಾಡಿಗೆ, ಬಣ್ಣಗಾರಿಕೆ, ರಂಗಸ್ಥಳದ ಸಿದ್ಧತೆ ಎಂಬ ವೆಚ್ಚಗಳನ್ನು ಎಣಿಸಿ ಹಿಂಜರಿಯುವ ಮುಖ್ಯೋಪಾಧ್ಯಾಯರಿಗೆ ಹೂವಿನಕೋಲು ಒಂದು ಸಮಾಧಾನವನ್ನು ಕೊಡಬಲ್ಲುದು: ಅದಕ್ಕೆ ಬೇಕಾದುದು ಎರಡು ಕೋಲು, ಹಿತ್ತಲಿನ ಹೂವು, ಒಂದು ಜೋಡಿ ತಾಳ, ಒಂದು ಮದ್ದಳೆ. ಪಾಠವನ್ನು ತರಗತಿಯ ಎಲ್ಲ ಮಕ್ಕಳಿಗೂ ಹೇಳಬೇಕು. ಚೆನ್ನಾಗಿ ಹಾಡಬಲ್ಲ ಇಬ್ಬರನ್ನು ಮಾತ್ರ ಆರಿಸಿ ಉಳಿದವರನ್ನು ನೋಡುಗರನ್ನಾಗಿಸಿದರೆ ಹಳೆಯ ಮಠದ ತಪ್ಪನ್ನೇ ಬೇರೆ ರೀತಿಯಲ್ಲಿ ಮಾಡಿದಂತಾದೀತು. ಕಳಂಜನ ತಾಳವನ್ನೂ ಪಾಡ್ದನವನ್ನೂ ಕಲಿಸುವುದಾದರೆ, ಆ ವಿದ್ಯೆಯನ್ನು ಕಾಪಾಡಿಕೊಂಡು ಬಂದ ಮನೆತನದವರನ್ನೇ ಗುರುವಾಗಿ ಕರೆದು, ಮೇಷ್ಟರ ಕುರ್ಚಿಯ ಪಕ್ಕದಲ್ಲಿ ಕುರ್ಚಿ ಹಾಕಿ, ಸಂಭಾವನೆಯನ್ನು ಕೊಟ್ಟು ಕಲಿಸಬೇಕು. ಶಾಲೆಗಳಲ್ಲಿ ‘ಆಟಿಡೊಂಜಿ ದಿನ’ವನ್ನು ಆಚರಿಸಿ ಕಳಂಜನ ವೇಷವನ್ನು ಯಾರಾದರೊಬ್ಬ ಹುಡುಗನಿಗೆ ತೊಡಿಸಿದ ಮಾತ್ರಕ್ಕೆ ಹಳೆಯ ಅಂಗಳದ ಋಣವು ತೀರಲಾರದು.

ಪತ್ತನಾಜೆಗೆ ಮೇಳದ ಗೆಜ್ಜೆ ಬಿಚ್ಚುವುದಕ್ಕೂ ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವುದಕ್ಕೂ ನಡುವೆ ಇರುವುದು ಕೆಲವೇ ದಿನಗಳು. ಒಂದು ಮನೆಯ ಬಾಗಿಲು ಮುಚ್ಚುವ ಹೊತ್ತಿಗೆ ಮತ್ತೊಂದರ ಬಾಗಿಲು ತೆರೆಯುತ್ತದೆ. ಅಲ್ಲಿಂದ ನವರಾತ್ರಿಯ ರಜೆಯ ವರೆಗೆ ಸುಮಾರು ನಾಲ್ಕು ತಿಂಗಳು. ವಾರಕ್ಕೆ ಎರಡು ಗಂಟೆಯಂತೆ ಎಣಿಸಿದರೂ ಮೂವತ್ತು ಗಂಟೆಗಳಿಗೆ ಕಡಿಮೆಯಾಗದು. ಅಷ್ಟರಲ್ಲಿ ಐದು ತಾಳಗಳನ್ನೂ ಒಂದು ಸಣ್ಣ ಕಥಾಭಾಗವನ್ನೂ ಮಕ್ಕಳಿಗೆ ಕಲಿಸಲು ಬಲ್ಲ ಗುರುವಿಗೆ ಕಷ್ಟವಿಲ್ಲ. ಮಳೆಗಾಲದಲ್ಲಿ ಬಿಡುವಾದ ಕಲಾವಿದನಿಗೆ ಅದರಿಂದ ಒಂದಿಷ್ಟು ಆಧಾರವೂ ಆಗುತ್ತದೆ. ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕನ್ನಡ ಶಾಲೆಗೆ ಊರವರು ಮತ್ತೊಮ್ಮೆ ಕಿವಿಗೊಡುವ ಒಂದು ಕಾರಣವೂ ಆಗುತ್ತದೆ. ಹಿಂದಿನವರು ಋತುವನ್ನು ನೋಡಿ ಪಾಠವನ್ನು ಹೂಡಿದರು. ಋತುವು ಇಂದಿಗೂ ಬದಲಾಗಿಲ್ಲ. ವೇಳಾಪಟ್ಟಿಯನ್ನು ಬರೆಯುವವರು ಒಮ್ಮೆ ಅದರ ಕಡೆಗೆ ಕಣ್ಣೆತ್ತಿ ನೋಡಿದರೆ, ನವರಾತ್ರಿಯ ಹೊತ್ತಿಗೆ ಊರ ಚಾವಡಿಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳ ದನಿ ಕೇಳಿಬರುವುದು ಅಸಾಧ್ಯವೇನಲ್ಲ.